ನವೋದಯ ಕೋಚಿಂಗ್ ಕ್ಲಾಸ್: 5,900 ರೂಪಾಯಿಗೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು

ನಾವಿರುವುದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ತಾಲ್ಲೂಕು ಪೇಟೆಯ ನವೋದಯ ಕೋಚಿಂಗ್ ಕ್ಲಾಸಿಗೆ ಸೇರಿಸಿದ್ದೆ. ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಸೇರಬೇಕು. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ, ಒಟ್ಟು ನಾಲ್ಕು ತಿಂಗಳು. ಫೀಸು 5,500, ಪುಸ್ತಕಕ್ಕೆ ಬೇರೆ 400. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಅಷ್ಟು ದುಡ್ಡಿಗೆ ಮೂವತ್ತಕ್ಕೂ ಜಾಸ್ತಿ ಬ್ಲೌಸು ಹೊಲಿಯಬೇಕು. ಇಂಥ ಕ್ಲಾಸುಗಳು ಎಲ್ಲ ಊರಲ್ಲೂ ಇವೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಸೇರಿಸುವ ಮೊದಲು ಏನು ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಒಳ್ಳೆಯದು. ನವೋದಯ ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬರೀ ಚಿತ್ರಗಳದ್ದು. ಗುಂಪಿಗೆ ಸೇರದ ಚಿತ್ರ, ಕನ್ನಡಿಯಲ್ಲಿ ಕಾಣುವ ಚಿತ್ರ, ಒಳಗೆ ಅಡಗಿರುವ ಚಿತ್ರ, ಹೀಗೆ. ಇದನ್ನು ಶಾಲೆಯಲ್ಲಿ ಯಾರೂ ಕಲಿಸುವುದಿಲ್ಲ. ಈ ಪಾಠ ಮಾಡುವ ಸರ್ ನಿಜವಾಗಿ ಚೆನ್ನಾಗಿ ಮಾಡುತ್ತಾರೆ. ಒಂದೊಂದು ಬಗೆಯನ್ನೂ ಬೋರ್ಡಿನ ಮೇಲೆ ಬಿಡಿಸಿ, ಮಕ್ಕಳಿಂದಲೇ ಉತ್ತರ ಹೇಳಿಸುತ್ತಾರೆ. ತಪ್ಪು ಹೇಳಿದ ಮಗುವನ್ನು ಗದರುವುದಿಲ್ಲ, "ಯಾಕೆ ಹಾಗನ್ನಿಸ್ತು ಹೇಳು ಪುಟ್ಟಾ" ಅಂತ ಕೇಳುತ್ತಾರೆ. ನಾನು ಬಾಗಿಲ ಹೊರಗೆ ಕೂತು ಇದನ್ನು ಎಷ್ಟೋ ಸಲ ಕೇಳಿದ್ದೇನೆ.

ನನ್ನ ಮಗಳಿಗೆ ತುಂಬಾ ಕಷ್ಟವಾಗಿದ್ದು ಮಡಚಿದ ಕಾಗದಕ್ಕೆ ತೂತು ಹಾಕಿ, ಬಿಡಿಸಿದರೆ ಹೇಗೆ ಕಾಣುತ್ತದೆ ಅನ್ನುವ ಪ್ರಶ್ನೆ. ಒಂದು ಭಾನುವಾರ ಅಳುತ್ತಲೇ ಬಂದಳು. ನಾನಾಗ ಬ್ಲೌಸಿನ ಬೆನ್ನು ಕತ್ತರಿಸುತ್ತಿದ್ದೆ. ಬಟ್ಟೆಯನ್ನು ನಡುವೆ ಮಡಚಿ, ಅರ್ಧ ಕುತ್ತಿಗೆ ಮಾತ್ರ ಕತ್ತರಿಸಿ, ಬಿಡಿಸಿದೆ. ಪೂರ್ತಿ ಕುತ್ತಿಗೆ ಬಂತು. ಅವಳು ಸುಮ್ನೆ ನೋಡುತ್ತಾ ನಿಂತಳು. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ತಂದು ಎರಡು ಸಲ ಮಡಚಿದಳು. ಮಡಿಕೆಗಳು ಸೇರುವ ಮೂಲೆಗೆ ಹತ್ತಿರ ಕತ್ತರಿ ತುದಿಯಿಂದ ಒಂದು ತೂತು ಮಾಡಿದಳು. ಬಿಡಿಸುವ ಮೊದಲೇ "ನಾಲ್ಕು ಬರುತ್ತೆ, ನಡುವೆ ಗುಂಪಾಗಿ ಬರುತ್ತೆ" ಅಂದಳು. ಹಾಗೇ ಬಂತು. ಮುಂದಿನ ವಾರ ಸರ್‌ಗೆ ಹೇಳಿದೆ. ಅವರು ಇಡೀ ಕ್ಲಾಸಿಗೆ ಹಳೇ ಪೇಪರ್ ತರಿಸಿ ಹಾಗೇ ಮಾಡಿಸಿದರು. ಪೋಷಕರ ಮಾತು ಕೇಳುವ ಮೇಷ್ಟ್ರು ಸಿಗುವುದು ಕಡಿಮೆ, ಅಲ್ವಾ?

ಒಎಂಆರ್ ಹಾಳೆ, ಅಂದರೆ ಉತ್ತರದ ವೃತ್ತಕ್ಕೆ ಬಣ್ಣ ತುಂಬುವ ಹಾಳೆ, ಅದರ ಅಭ್ಯಾಸವೂ ಚೆನ್ನಾಗಿತ್ತು. ಬಾಲ್ ಪೆನ್ನಿನಲ್ಲಿ ಬಣ್ಣ ತುಂಬಿದ ಮೇಲೆ ಬದಲಿಸುವ ಹಾಗಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬೇಡಿ ಅಂತ ಪ್ರತಿ ವಾರ ಹೇಳುತ್ತಿದ್ದರು.

ಗಣಿತ ಪರವಾಗಿಲ್ಲ.

ಕನ್ನಡ ಮಾತ್ರ ಬಿಟ್ಟೇಬಿಟ್ಟರು. ಭಾಷೆಗೆ 25 ಅಂಕ, ಗಣಿತಕ್ಕೂ 25 ಅಂಕ. ಭಾಷೆಯಲ್ಲಿ ನಾಲ್ಕು ಗದ್ಯಭಾಗ ಓದಿ, ಒಂದೊಂದಕ್ಕೆ ಐದು ಪ್ರಶ್ನೆಗೆ ಉತ್ತರ ಕೊಡಬೇಕು. ಕೇಳಿದರೆ "ಕನ್ನಡ ತಾನೇ ಅಮ್ಮ, ಮನೇಲಿ ಓದಿಸಿ" ಅಂದರು. ನಾಲ್ಕು ತಿಂಗಳಲ್ಲಿ ಭಾಷೆಗೆ ನಡೆದಿದ್ದು ಮೂರೇ ಕ್ಲಾಸು. ಮನೆಯಲ್ಲಿ ಮಾತಾಡುವ ಕನ್ನಡವೇ ಬೇರೆ, ಗಡಿಯಾರ ನೋಡಿಕೊಂಡು ಓದಿ ಅರ್ಥ ಮಾಡಿಕೊಳ್ಳುವ ಕನ್ನಡವೇ ಬೇರೆ. ಪರೀಕ್ಷೆ ಮುಗಿಸಿ ಬಂದ ಮಗಳು ಹೇಳಿದ್ದೂ ಅದನ್ನೇ. "ಚಿತ್ರ ಎಲ್ಲಾ ಆಯ್ತಮ್ಮ. ಕೊನೇ ಪಾಠ ಓದೋಕೆ ಟೈಮ್ ಸಾಲಲಿಲ್ಲ, ಸುಮ್ನೆ ತುಂಬಿದೆ."

ಆಯ್ಕೆ ಪಟ್ಟಿಯಲ್ಲಿ ಅವಳ ನಂಬರ್ ಇರಲಿಲ್ಲ. ಒಂದು ನವೋದಯಕ್ಕೆ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು, ಬರೆಯುವ ಮಕ್ಕಳು ಇಡೀ ಜಿಲ್ಲೆಯವರು. ಅದಕ್ಕೆ ಕ್ಲಾಸನ್ನು ದೂರುವುದಿಲ್ಲ.

ನನಗೆ ಸಿಟ್ಟು ಬಂದಿದ್ದು ಅದಾದ ಮೇಲೆ. ಅದೇ ವಾರ ಕ್ಲಾಸಿನ ಆಫೀಸಿನಿಂದ ಫೋನು. "ಇನ್ನೊಂದು ವರ್ಷ ಐದನೇ ಕ್ಲಾಸಲ್ಲೇ ಇಡಿ ಮೇಡಂ, ಮತ್ತೆ ಬರೆಸೋಣ. ನಿಮಗೆ ಅರ್ಧ ಫೀಸು." ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಾಡಿಬಿಡೋಣ ಅಂತಲೇ ಅನ್ನಿಸಿತ್ತು. ಬೆಳಿಗ್ಗೆ ಶಾಲೆಗೆ ಹೋಗಿ ಹೆಡ್‌ಮೇಡಂ ಹತ್ತಿರ ಹೇಳಿದೆ. ಅವರು ನವೋದಯದ ಪ್ರಾಸ್ಪೆಕ್ಟಸ್ ತೆಗೆದು, ಬೆರಳಿಟ್ಟು ತೋರಿಸಿದರು. ಆರನೇ ಕ್ಲಾಸಿನ ಪರೀಕ್ಷೆ ಒಂದು ಮಗು ಒಂದೇ ಸಲ ಬರೆಯಬಹುದು. ಐದನೇ ಕ್ಲಾಸನ್ನು ಎರಡನೇ ಸಲ ಓದುವ ಮಗುವಿಗೆ ಅವಕಾಶವೇ ಇಲ್ಲ. ನಾನು ಆ ಮಾತು ನಂಬಿದ್ದರೆ ಮಗಳ ಒಂದು ವರ್ಷ ಹೋಗುತ್ತಿತ್ತು, ದುಡ್ಡೂ ಹೋಗುತ್ತಿತ್ತು. ಇದನ್ನೇ ಕೆಲಸ ಮಾಡಿಕೊಂಡವರಿಗೆ ಈ ನಿಯಮ ಗೊತ್ತಿಲ್ಲದೆ ಇರುತ್ತದೆಯೇ? ಅದೇ ಬ್ಯಾಚಿನ ಇನ್ನೊಬ್ಬ ಅಮ್ಮ ಆಗಲೇ ಅರ್ಧ ಫೀಸು ಕಟ್ಟಿಬಿಟ್ಟಿದ್ದರು. ನಾವಿಬ್ಬರೂ ಒಟ್ಟಿಗೆ ಹೋಗಿ ಆ ದುಡ್ಡು ವಾಪಸ್ ತಂದೆವು. ಚಿತ್ರದ ಪಾಠದ ಸರ್ ನಮ್ಮ ಪರವಾಗಿ ನಿಂತು ಮಾತಾಡಿದರು.

ಹಾಗಾಗಿ ಸೇರಿಸುವುದಾದರೆ ಚಿತ್ರದ ಪಾಠಕ್ಕೆ ಅಂತ ಎರಡು ತಿಂಗಳಿಗೆ ಸೇರಿಸಿ. ಭಾಷೆಗೆ ಎಷ್ಟು ಕ್ಲಾಸು ಅಂತ ಮೊದಲೇ ಕೇಳಿ. ರಾಜ್ಯ ಸರ್ಕಾರದ ಮೊರಾರ್ಜಿ ವಸತಿ ಶಾಲೆ ಪರೀಕ್ಷೆಗೂ ಇದೇ ಪಾಠ ಸಾಕು ಅಂದರೆ ಒಪ್ಪಬೇಡಿ, ಅದರಲ್ಲಿ ಹೆಚ್ಚಾಗಿ ಶಾಲೆಯ ವಿಷಯಗಳನ್ನೇ ಕೇಳುತ್ತಾರೆ. ಅರ್ಜಿಗೆ ಫೀಸಿಲ್ಲ, ನವೋದಯದ ವೆಬ್‌ಸೈಟಿನಲ್ಲಿ ನೀವೇ ಹಾಕಬಹುದು. ಹೆಡ್‌ಮಾಸ್ಟರ್ ಸಹಿಯ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ನಿಮ್ಮದು ಹಳ್ಳಿಯಾದರೆ 3, 4, 5ನೇ ಕ್ಲಾಸು ಮೂರೂ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಆಗಲೇ ಗ್ರಾಮೀಣ ಸೀಟು. ಕಡಿಮೆಯೆಂದರೂ ಶೇಕಡಾ 75 ಸೀಟು ಅದಕ್ಕೇ ಇರುವುದು. ಎರಡನೇ ಕ್ಲಾಸು ಮುಗಿಸಿದ ಮಗುವನ್ನು ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಲು ಹೊರಟವರು ಇದನ್ನೂ ಯೋಚಿಸಿ.

ಒಂಬತ್ತನೇ ಕ್ಲಾಸಿಗೆ, ಖಾಲಿ ಇರುವ ಸೀಟುಗಳಿಗೆ, ಇನ್ನೊಂದು ಪರೀಕ್ಷೆ ಇದೆ ಅಂತಲೂ ಹೆಡ್‌ಮೇಡಂ ಅವರೇ ಹೇಳಿದ್ದು. ಎಂಟನೇ ಕ್ಲಾಸಿನಲ್ಲಿರುವಾಗ ಬರೆಯಬೇಕು. ಗಣಿತ, ವಿಜ್ಞಾನ, ಇಂಗ್ಲಿಷ್ ಜೊತೆಗೆ ಹಿಂದಿಗೂ 15 ಅಂಕ. ಮಗಳು ಈಗ ಆರನೇ ಕ್ಲಾಸು. ಹಿಂದಿ ಅಕ್ಷರ ಈಗಷ್ಟೇ ಶುರುವಾಗಿದೆ. ಸಂಜೆ ನನ್ನ ಮಷೀನಿನ ಪಕ್ಕ ಕೂತು ಜೋರಾಗಿ ಓದುತ್ತಾಳೆ, ನಾನೂ ಅವಳ ಜೊತೆ ಕಲಿಯುತ್ತಿದ್ದೇನೆ.