ಒಂದು ಕೈಯಲ್ಲಿ ಶುಲ್ಕ, ಇನ್ನೊಂದು ಕೈಯಲ್ಲಿ ರಿಯಾಯಿತಿ: ಕಾರು ಖರೀದಿಯ ಒಂದು ಯೋಜನೆಯ ವಿಮರ್ಶೆ

ಹೆಚ್ಚು ಇಂಧನ ಕುಡಿಯುವ ಹೊಸ ಕಾರಿಗೆ ಶುಲ್ಕ ವಿಧಿಸಿ, ಆ ಹಣವನ್ನು ಮಿತವಾಗಿ ಇಂಧನ ಬಳಸುವ ಕಾರು ಕೊಳ್ಳುವವರಿಗೆ ರಿಯಾಯಿತಿಯಾಗಿ ಕೊಡುವ ಯೋಜನೆಯನ್ನು ಗ್ರಾಹಕ ಸೇವೆಯೆಂದೇ ಪರಿಗಣಿಸಿದರೆ, ಮೊದಲು ಮೆಚ್ಚಬೇಕಾದದ್ದು ಅದು ಆರಿಸಿಕೊಂಡಿರುವ ಗಳಿಗೆಯನ್ನು. ಮುಂದಿನ ಹತ್ತು ವರ್ಷ ಪೆಟ್ರೋಲಿಗೆ ಎಷ್ಟು ಸುರಿಯಬೇಕಾದೀತು ಎಂದು ಲೆಕ್ಕ ಹಾಕಿ ಕಾರು ಆರಿಸುವವರು ವಿರಳ. ಆದರೆ ಬಿಲ್ಲಿನಲ್ಲಿ ಕಣ್ಣಿಗೆ ಬೀಳುವ ಮೊತ್ತವನ್ನು ಯಾರೂ ಕಡೆಗಣಿಸುವುದಿಲ್ಲ.

ಶುಲ್ಕವನ್ನು ಮೈಲೇಜಿನ ಮೇಲಲ್ಲದೆ ಕಿಲೋಮೀಟರಿಗೆ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಮೇಲೆ ನಿಗದಿಪಡಿಸುವುದು ಸರಿಯಾದ ಕ್ರಮ. ಮೈಲೇಜ್ ಎಂಬ ಅಳತೆ ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ: 10,000 ಕಿಲೋಮೀಟರ್ ಓಡಿಸುವವರು ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರಿನಿಂದ 12 ಕೊಡುವ ಕಾರಿಗೆ ಬದಲಾದರೆ ಸುಮಾರು 167 ಲೀಟರ್ ಉಳಿಯುತ್ತದೆ, 20ರಿಂದ 24ಕ್ಕೆ ಬದಲಾದರೆ ಉಳಿಯುವುದು ಸುಮಾರು 83 ಲೀಟರ್ ಮಾತ್ರ. ಕೇಳಲು ಎರಡನೆಯದೇ ದೊಡ್ಡ ಸುಧಾರಣೆಯೆನಿಸುತ್ತದೆ.

ಫ್ರಾನ್ಸ್ 2008ರಲ್ಲಿ ಜಾರಿಗೆ ತಂದ ಯೋಜನೆಯ ದೊಡ್ಡ ಕೊರತೆಯೆಂದರೆ ಅದರ ಮೆಟ್ಟಿಲುಗಳು. ಕಿಲೋಮೀಟರಿಗೆ 120 ಗ್ರಾಂ ಹೊರಸೂಸುವ ಕಾರಿಗೆ 700 ಯೂರೋ ಸಿಕ್ಕರೆ, ಒಂದೇ ಗ್ರಾಂ ಹೆಚ್ಚಾದ ಕಾರಿಗೆ ಸಿಗುತ್ತಿದ್ದುದು 200. ಹೀಗಿರುವಾಗ ತಯಾರಕರು ಮೆಟ್ಟಿಲಿನ ಅಂಚನ್ನು ದಾಟಲಷ್ಟೇ ಶ್ರಮಿಸಿದರೆ ಅಚ್ಚರಿಯೇನಿಲ್ಲ. ಜನರು ನಿರೀಕ್ಷೆಗಿಂತ ಬೇಗ ಸಣ್ಣ ಕಾರುಗಳತ್ತ ತಿರುಗಿದ್ದರಿಂದ ವಸೂಲಾದ ಶುಲ್ಕ ಕೊಟ್ಟ ರಿಯಾಯಿತಿಗೆ ಸಾಲದೆ, ಮೊದಲ ವರ್ಷವೇ ಬೊಕ್ಕಸಕ್ಕೆ ಹೊರೆ ಬಿತ್ತು. (ಗೆದ್ದದ್ದಕ್ಕೆ ತೆತ್ತ ಬೆಲೆ ಎನ್ನಬೇಕೇನೋ.) ಬಳಿಕ ಶುಲ್ಕ ಏರುತ್ತಲೇ ಹೋಯಿತು, ಆರಂಭದಲ್ಲಿ 2,600 ಯೂರೋ ಇದ್ದ ಗರಿಷ್ಠ ಶುಲ್ಕ 2024ರಲ್ಲಿ 60,000 ಯೂರೋ ಆಗಿತ್ತು.

ರಚನೆಯ ದೃಷ್ಟಿಯಿಂದ ನನಗೆ ಹೆಚ್ಚು ಹಿಡಿಸಿದ್ದು ನ್ಯೂಜಿಲೆಂಡಿನದು. ಅಲ್ಲಿ 2021ರ ಜುಲೈನಲ್ಲಿ ರಿಯಾಯಿತಿಯೂ 2022ರ ಏಪ್ರಿಲ್‌ನಲ್ಲಿ ಶುಲ್ಕವೂ ಆರಂಭವಾದವು. ಶುಲ್ಕ ಆರಂಭವಾದಾಗ ಕಿಲೋಮೀಟರಿಗೆ 146ರಿಂದ 191 ಗ್ರಾಂವರೆಗಿನ ಕಾರುಗಳಿಗೆ ಶುಲ್ಕವೂ ಇರಲಿಲ್ಲ, ರಿಯಾಯಿತಿಯೂ ಇರಲಿಲ್ಲ. ಅದರಾಚೆ ಎರಡೂ ದಿಕ್ಕಿನಲ್ಲಿ ಮೊತ್ತ ಗ್ರಾಂ ಲೆಕ್ಕದಲ್ಲಿ ಏರುತ್ತಿತ್ತು. ಆಗ ಹೊಸ ವಿದ್ಯುತ್ ಕಾರಿಗೆ 8,625 ನ್ಯೂಜಿಲೆಂಡ್ ಡಾಲರ್‌ವರೆಗೆ ದೊರೆಯುತ್ತಿತ್ತು, ಹೆಚ್ಚು ಹೊಗೆಯುಗುಳುವ ಹೊಸ ವಾಹನಕ್ಕೆ 5,175ರವರೆಗೆ ಶುಲ್ಕ ಬೀಳುತ್ತಿತ್ತು. 80,000 ಡಾಲರ್ ಅಥವಾ ಅದಕ್ಕಿಂತ ದುಬಾರಿಯಾದ ಕಾರುಗಳನ್ನು ರಿಯಾಯಿತಿಯಿಂದ ಹೊರಗಿಟ್ಟದ್ದು ವಿವೇಕದ ನಡೆ. ಆದರೆ ಹೊಲದ ಕೆಲಸಕ್ಕೆ ಪಿಕಪ್ ಬೇಕೇ ಬೇಕಾದವರಿಗೆ ಅದೇ ಕೆಲಸ ಮಾಡಬಲ್ಲ, ಕಡಿಮೆ ಹೊಗೆಯ ಬದಲಿ ವಾಹನ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಯೋಜನೆಗೆ ಪಿಕಪ್ ತೆರಿಗೆಯೆಂಬ ಅಡ್ಡಹೆಸರು ಅಂಟಿಕೊಂಡಿತು. ಸರ್ಕಾರ ಬದಲಾದ ಮೇಲೆ 2023ರ ಡಿಸೆಂಬರ್ 31ಕ್ಕೆ ಅದು ನಿಂತುಹೋಯಿತು.

ಇಂಥ ಯೋಜನೆಯನ್ನು ನಾನು ಶಿಫಾರಸು ಮಾಡುತ್ತೇನೆ, ಎರಡು ಷರತ್ತುಗಳೊಂದಿಗೆ: ಶುಲ್ಕವಿಲ್ಲದ ಮಟ್ಟವನ್ನು ಮೊದಲೇ ಪ್ರಕಟಿಸಿದ ವೇಳಾಪಟ್ಟಿಯಂತೆ ವರ್ಷವರ್ಷವೂ ತಗ್ಗಿಸುತ್ತ ಬರಬೇಕು, ಮೆಟ್ಟಿಲುಗಳ ಬದಲು ಇಳಿಜಾರು ಇರಬೇಕು. ಕೊಂಡ ಮೇಲೆ ಎಷ್ಟು ಓಡಿಸುತ್ತಾರೆಂಬುದಕ್ಕೆ ಮಾತ್ರ ಇದರಲ್ಲಿ ಉತ್ತರವಿಲ್ಲ. ಆ ಕೆಲಸವನ್ನು ಇಂಧನದ ಮೇಲಿನ ತೆರಿಗೆಯೇ ಮಾಡಬೇಕಾಗುತ್ತದೆ.