ಕೋಕೋಪೀಟ್ ಇಟ್ಟಿಗೆ: ಮೂರು ಸಲ ತೊಳೆದ ಮೇಲೆ ನನಗೆ ಇಷ್ಟವಾಯಿತು

ತೋಟದ ಮಣ್ಣು ಚಿಕ್ಕ ಟ್ರೇಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಎಳೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ನಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೀಜ ಮೊಳೆಸಲು 650 ಗ್ರಾಂ ಕೋಕೋಪೀಟ್ ಇಟ್ಟಿಗೆ, ಅಂದರೆ ಒತ್ತಿ ಗಟ್ಟಿ ಮಾಡಿದ ತೆಂಗಿನ ನಾರಿನ ಪುಡಿ, ತಂದೆ. ನಾಲ್ಕು ಲೀಟರ್ ನೀರಲ್ಲಿ ನೆನೆಸಿದರೆ ಅರ್ಧ ಗಂಟೆಯಲ್ಲಿ ಉಬ್ಬಿ ಅರ್ಧ ಬಕೆಟ್ ಆಗುತ್ತದೆ. ಹಗುರ, ಹುಡಿಹುಡಿ, ಕೈಗೆ ಹಿತ.

ಪೊಟ್ಟಣದ ಮೇಲೆ ‘ತೊಳೆದದ್ದು’ ಅಂತ ಬರೆದಿತ್ತು. ನಂಬಿ ಹಾಗೇ ಬಳಸಿದೆ. 24 ಟೊಮೆಟೊ ಸಸಿಗಳಲ್ಲಿ 15ರ ಎಲೆಯಂಚು ಸುಟ್ಟಂತಾಗಿ ಒಣಗಿ ಹೋದವು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪು ಉಳಿದಿದ್ದರೆ ಹೀಗಾಗುತ್ತದೆ. ತುಂಬಾ ಸಂಕಟವಾಯಿತು.

ಎರಡನೇ ಸಲ ಹಳೇ ಪಂಚೆಯಲ್ಲಿ ಕಟ್ಟಿ, ಮೂರು ಸಲ ನೀರು ಬದಲಿಸಿ ಹಿಂಡಿದೆ. ಮೊದಲ ನೀರು ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು! ಆಮೇಲೆ ಎರಡು ಪಾಲು ಕೋಕೋಪೀಟಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಅರ್ಧ ಪಾಲು ಪರ್ಲೈಟ್ (ಗಾಳಿಯಾಡಲು ಹಾಕುವ ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿದೆ. ಎರೆಗೊಬ್ಬರ ಬೇಕೇ ಬೇಕು, ಬರೀ ನಾರಿನ ಪುಡಿಯಲ್ಲಿ ಸಸಿಗೆ ಊಟ ಇರುವುದಿಲ್ಲ ಅಲ್ವಾ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು. ನೀರು ಜಾಸ್ತಿಯಾದರೆ ಸಸಿ ಬುಡದಲ್ಲೇ ಕೊಳೆಯುತ್ತದೆ.

ಉಡುಪಿಯಿಂದ ಅಮ್ಮ ಕಳಿಸಿದ ಮಟ್ಟುಗುಳ್ಳ ಬದನೆಯ ಬೀಜ ಎಂಟನೇ ದಿನ ತಲೆ ಎತ್ತಿದವು. ಅಡುಗೆಮನೆ ಕಿಟಕಿಯಲ್ಲಿ ಈಗ 19 ಸಸಿ ಇವೆ. ಇಟ್ಟಿಗೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಆ ‘ತೊಳೆದದ್ದು’ ಅನ್ನುವ ಮಾತಿಗೆ ಕಳೆದಿದ್ದೇನೆ.