ಒಂದು ಸಾಲು, ಒಂಬತ್ತು ಸಾಲು, ನಡುಗುವ ಪಿನ್ನು: ಮೂರರಲ್ಲೂ ಓದಿ ನೋಡಿದೆ

ಕಾಗದದ ಮೇಲೆ ಬ್ರೈಲ್ ಓದುವಾಗ ನನ್ನ ಎರಡು ಕೈಗೂ ಬೇರೆ ಬೇರೆ ಕೆಲಸ. ಬಲಗೈ ತೋರುಬೆರಳು ಸಾಲಿನ ಕೊನೆಯ ಪದಗಳ ಮೇಲೆ ಇರುವಾಗಲೇ ಎಡಗೈ ಕೆಳಗಿಳಿದು ಮುಂದಿನ ಸಾಲಿನ ಶುರು ಹಿಡಿದಿರುತ್ತದೆ. ನಡುವೆ ಬಿಡುವೇ ಇಲ್ಲ. ಇದು ಎಷ್ಟು ರೂಢಿಯಾಗಿದೆ ಅಂದರೆ, ಎಡಗೈ ಏನು ಮಾಡುತ್ತಿದೆ ಅಂತ ನಾನು ಯೋಚಿಸಿದ್ದೇ ಇರಲಿಲ್ಲ. ಪಿನ್ನುಗಳು ಎದ್ದಿಳಿದು ಬ್ರೈಲ್ ಮೂಡಿಸುವ ಯಂತ್ರದ ಮೇಲೆ ಓದತೊಡಗಿದಾಗ ಗೊತ್ತಾಯಿತು.

ಮೂರು ಬಗೆಯ ಸಾಧನಗಳಲ್ಲಿ ಒಂದೇ ಕತೆ ಓದಿದೆ, ಒಂದೇ ಲೆಕ್ಕ ಮಾಡಿದೆ. ಲೆಕ್ಕ 347 ಗುಣಿಸು 26.

ಮೊದಲನೆಯದು ಹೆಚ್ಚು ಜನ ಬಳಸುವ ಬಗೆ, ಒಂದೇ ಸಾಲಿನ ಪಿಯೆಜೊ ಯಂತ್ರ. ನನ್ನದರಲ್ಲಿ 40 ಸೆಲ್ ಇವೆ. ಸೆಲ್ ಅಂದರೆ ಒಂದು ಬ್ರೈಲ್ ಅಕ್ಷರ ಮೂಡುವ ಚುಕ್ಕಿಗಳ ಗುಂಪು; ಇಲ್ಲಿ ಸೆಲ್‌ಗೆ 8 ಚುಕ್ಕಿ. ಪ್ರತಿ ಚುಕ್ಕಿಯ ಹಿಂದೆ ಒಂದು ತೆಳು ಪಿಯೆಜೊ ಪಟ್ಟಿ. ಸುಮಾರು 200 ವೋಲ್ಟ್ ಕೊಟ್ಟರೆ ಪಟ್ಟಿ ಬಾಗಿ ಪಿನ್ ಮೇಲೇಳುತ್ತದೆ. ಅಂದರೆ ಒಳಗೆ 320 ಪಟ್ಟಿಗಳು ಮಲಗಿವೆ. ಈ ಪಟ್ಟಿಗಳು ಉದ್ದ ಇರುವುದರಿಂದ ಅದರ ಕೆಳಗೇ ಇನ್ನೊಂದು ಸಾಲು ಜೋಡಿಸುವುದು ಕಷ್ಟ. ಸಾಲು ಒಂದೇ ಯಾಕೆ ಅನ್ನುವುದಕ್ಕೆ ಇದೊಂದು ದೊಡ್ಡ ಕಾರಣ.

ವೇಗ ಮಾತ್ರ ಬಹಳ ಚೆನ್ನಾಗಿದೆ. ಹೆಬ್ಬೆರಳಿನಿಂದ ಬಟನ್ ಒತ್ತಿ, ಬೆರಳನ್ನು ಸಾಲಿನ ಶುರುವಿಗೆ ತರುವಷ್ಟರಲ್ಲಿ ಹೊಸ ಸಾಲು ಸಿದ್ಧ. ಸದ್ದೂ ಇಲ್ಲದಷ್ಟೇ. ಆದರೆ ಎಡಗೈ ಸುಮ್ನೆ ಕೂತಿರುತ್ತದೆ, ಹುಡುಕಲು ಕೆಳಗೆ ಸಾಲೇ ಇಲ್ಲ. ಕತೆಗೆ ಇದು ನಡೆಯುತ್ತದೆ. ಲೆಕ್ಕಕ್ಕೆ ನಡೆಯಲಿಲ್ಲ. 2082ರ ಕೆಳಗೆ 6940 ಬರೆದು ಕೂಡಬೇಕು. ಮೇಲಿನ ಸಾಲಿನ 8 ನೆನಪಿಟ್ಟುಕೊಂಡು ಕೆಳಗೆ ಬಂದೆ, 4 ಸಿಕ್ಕಿತು, 12 ಆಯಿತು. ದಶಕ ಹಿಡಿದುಕೊಂಡು ಮತ್ತೆ ಮೇಲೆ ಹೋಗುವಷ್ಟರಲ್ಲಿ ಯಾವ ಮನೆಯಲ್ಲಿದ್ದೆ ಅನ್ನುವುದೇ ತಪ್ಪಿಹೋಯಿತು. ಲೆಕ್ಕ ಕಷ್ಟವಲ್ಲ, ಸಾಲು ಕೈಗೆ ಸಿಗದಿರುವುದು ಕಷ್ಟ.

ಇನ್ನೊಂದು ತೊಂದರೆ ಬಳಸುತ್ತಾ ಬಳಸುತ್ತಾ ಬಂತು. ಬೆರಳಿನ ಬೆವರು, ಎಣ್ಣೆ, ಧೂಳು ಸೇರಿ ಒಂದು ಸೆಲ್‌ನ ಮೂರನೇ ಚುಕ್ಕಿ ಕಚ್ಚಿಕೊಂಡಿತು, ಏಳುವುದನ್ನೇ ಬಿಟ್ಟಿತು. ಕನ್ನಡ ಬ್ರೈಲ್‌ನಲ್ಲಿ ‘ನ’ ಅಂದರೆ 1, 3, 4, 5ನೇ ಚುಕ್ಕಿಗಳು. ಮೂರನೆಯದು ಹೋದರೆ ಅದು ‘ದ’. ಕತೆಯಲ್ಲಿ ‘ನೂರು ಕೊಟ್ಟ’ ಅಂತ ಇದ್ದದ್ದನ್ನು ನಾನು ‘ದೂರು ಕೊಟ್ಟ’ ಅಂತ ಓದಿದೆ. ಅರ್ಥವೂ ಕೂಡಿಬಂತು ನೋಡಿ! ತಪ್ಪು ಅಂತ ಗೊತ್ತಾಗಿದ್ದು ಕತೆ ಬಹಳ ಮುಂದೆ ಹೋದ ಮೇಲೆ. ಬೆರಳು ತನಗೆ ಸಿಕ್ಕಿದ್ದನ್ನೇ ನಂಬುತ್ತದೆ, ಅಲ್ವಾ? ಅದಕ್ಕೇ ಪಿನ್ನುಗಳನ್ನು ನಾವೇ ಬಿಚ್ಚಿ ತೊಳೆಯುವ ಹಾಗೆ ಇರಬೇಕು ಅನ್ನುವುದು ನನಗೆ ಸಣ್ಣ ಮಾತಲ್ಲ.

ಎರಡನೆಯದು ಕ್ಯಾನ್ಯೂಟ್ 360. ಒಂಬತ್ತು ಸಾಲು, ಸಾಲಿಗೆ 40 ಸೆಲ್, ಒಟ್ಟು 360. ಸೆಲ್‌ಗೆ 6 ಚುಕ್ಕಿ. ಇಲ್ಲಿ ಪುಟ ಬದಲಾಗುವುದು ನಿಧಾನ, ಮೇಲಿನಿಂದ ಒಂದೊಂದೇ ಸಾಲು ಟಕಟಕ ಅಂತ ಏಳುತ್ತಾ ಬರುತ್ತದೆ. ಆದರೆ ಕೆಳಗಿನ ಸಾಲುಗಳು ಏಳುವ ಹೊತ್ತಿಗೆ ನಾನು ಮೇಲಿನದನ್ನು ಓದಲು ಶುರು ಮಾಡಿರುತ್ತೇನೆ, ಹಾಗಾಗಿ ಕತೆಯಲ್ಲಿ ಕಾಯುವುದು ಅಂದುಕೊಂಡಷ್ಟು ಬೇಸರ ತರಲಿಲ್ಲ. ಬ್ಯಾಗಿಗೆ ಹಾಕಿಕೊಂಡು ತಿರುಗುವ ಸಾಮಾನಲ್ಲ ಇದು, ಮೇಜಿನ ಮೇಲಿಡುವಂಥದು.

ಲೆಕ್ಕ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಎಡಬೆರಳು 8ರ ಮೇಲೆ, ಬಲಬೆರಳು ನೇರ ಕೆಳಗೆ 4ರ ಮೇಲೆ. ಎರಡನ್ನೂ ಒಟ್ಟಿಗೆ ಮುಟ್ಟಿಕೊಂಡೇ ಕೂಡಿದೆ. ಒಂದು ಮನೆ ಎಡಕ್ಕೆ ಸರಿದೆ, ಎರಡು ಬೆರಳೂ ಜೊತೆಯಲ್ಲೇ ಸರಿದವು. 9022. ಯಾವುದನ್ನೂ ತಲೆಯಲ್ಲಿ ಹೊತ್ತುಕೊಂಡು ಓಡಾಡಲಿಲ್ಲ. ಶಾಲೆಗೆ ಹೋಗುವ ಮಗುವಿಗೆ ಒಂದೇ ಸಾಲು ಕೊಟ್ಟು ಗಣಿತ ಕಲಿ ಅನ್ನುವುದು ಅನ್ಯಾಯ ಅಂತ ಅವತ್ತು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಮೂರನೆಯದು ಹಳೆಯ ಆಪ್ಟಕಾನ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಲಿನ್‌ವಿಲ್ ಕಣ್ಣು ಕಾಣದ ತಮ್ಮ ಮಗಳು ಕ್ಯಾಂಡಿಗಾಗಿ ಯೋಚಿಸಿದ್ದು. ಬಲಗೈಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಅಚ್ಚಿನ ಸಾಲಿನ ಮೇಲೆ ಓಡಿಸಬೇಕು. ಎಡ ತೋರುಬೆರಳಿನ ಕೆಳಗೆ 144 ಪಿನ್ನುಗಳು ನಡುಗುತ್ತಾ ಆ ಅಕ್ಷರದ ಆಕಾರವನ್ನೇ ಮೂಡಿಸುತ್ತವೆ. ಇದು ಬ್ರೈಲ್ ಅಲ್ಲ. ನನಗೆ ಕಣ್ಣು ಹೋಗಿದ್ದು ಹತ್ತನೇ ವಯಸ್ಸಿನಲ್ಲಿ, ಅಚ್ಚಿನ ಅಕ್ಷರಗಳ ನೆನಪಿದೆ. ಆದರೂ ‘ಪ’ ಮತ್ತು ‘ಷ’ ಬೇರೆ ಮಾಡಲು ಮತ್ತೆ ಮತ್ತೆ ಹಿಂದೆ ಹೋಗಬೇಕಾಯಿತು. ಒತ್ತಕ್ಷರ ಬಂದಲ್ಲಿ ಕ್ಯಾಮೆರಾ ಕೆಳಗಿಳಿಸಬೇಕು. ಲೆಕ್ಕವನ್ನು ಅರ್ಧಕ್ಕೇ ಬಿಟ್ಟೆ. 1824ರಲ್ಲಿ, 15 ವರ್ಷದ ಲೂಯಿ ಬ್ರೈಲ್ ಉಬ್ಬಿದ ಅಚ್ಚಕ್ಷರ ಬಿಟ್ಟು ಚುಕ್ಕಿಗಳನ್ನು ನೆಚ್ಚಿಕೊಂಡಿದ್ದು ಯಾಕೆ ಅಂತ ನನ್ನ ಬೆರಳಿಗೇ ಗೊತ್ತಾಯಿತು.

ಆದರೆ ಒಂದು ಮಾತು ಹೇಳಲೇಬೇಕು. ಯಾರೂ ಬ್ರೈಲ್‌ಗೆ ಹಾಕದ ಕಾಗದವನ್ನು, ನನ್ನ ಹೆಸರಿಗೆ ಬಂದ ಪತ್ರವನ್ನು, ಇನ್ನೊಬ್ಬರ ಕಣ್ಣು ಕೇಳದೆ ನಾನೇ ಓದಿದೆ. ಐದಾರು ಸಾಲು, ಅಷ್ಟೇ. ಮಿಕ್ಕ ಎರಡೂ ಯಂತ್ರಗಳು ಅದನ್ನು ಕೊಡಲಾರವು. 1996ರಲ್ಲಿ ಆಪ್ಟಕಾನ್ ತಯಾರಿಕೆ ನಿಂತುಹೋಯಿತು. ಅದನ್ನು ನೆಚ್ಚಿದ್ದವರ ದುಃಖ ನನಗೆ ಅರ್ಥವಾಗುತ್ತದೆ.

ಈಗ ಪ್ರಯಾಣದಲ್ಲಿ, ಫೋನಿನ ಸಂದೇಶಕ್ಕೆ, ಕಾದಂಬರಿಗೆ ನಾನು ಬಳಸುವುದು ಒಂದೇ ಸಾಲಿನದು. ಲೆಕ್ಕ, ಪಟ್ಟಿ, ಪದ್ಯ, ಸಂಗೀತದ ಸ್ವರಗಳು ಅಂದರೆ ಒಂಬತ್ತು ಸಾಲೇ ಬೇಕು. ಒಂದೇ ಆರಿಸು ಅಂದರೆ ಒಂಬತ್ತು ಸಾಲಿನದನ್ನೇ ಆರಿಸುತ್ತೇನೆ, ನಿಧಾನ ಆದರೂ ಸರಿ.

ಹೊಸ ಸಾಧನ ಮಾಡುವವರು ಸಿಕ್ಕಾಗಲೆಲ್ಲ ಮೊದಲು ಕೇಳುವುದು ಚುಕ್ಕಿ ಎಷ್ಟು ಎತ್ತರ ಇರಬೇಕು ಅಂತ. ಅರ್ಧ ಮಿಲಿಮೀಟರ್ ಸಾಕು, ಅದು ಎಲ್ಲರಿಗೂ ಗೊತ್ತಿರುವುದೇ. ನಾನು ಕೇಳುವುದು ಬೇರೆ. ಬಟನ್ ಹೆಬ್ಬೆರಳಿನ ಕೆಳಗೇ ಇರಲಿ, ಅದನ್ನು ಒತ್ತಲು ಓದುವ ಬೆರಳನ್ನು ಎತ್ತಿಸಬೇಡಿ. ಒಂಬತ್ತು ಸಾಲು ನಿಮಗೆ ದುಬಾರಿಯಾದರೆ ಎರಡೇ ಕೊಡಿ. ಬಲಗೈ ಮೇಲಿನದನ್ನು ಓದುತ್ತಿರುವಾಗ ಕೆಳಗಿನದು ಬದಲಾಗಲಿ, ನನ್ನ ಎಡಗೈ ಅದನ್ನು ಹುಡುಕಿಕೊಳ್ಳುತ್ತದೆ.